ನಕ್ಷೆಯಿಂದ ಓದಿದ ಕೀರ್ತನೆ

ಮಾರ್ಚ್ 9, ಭಾನುವಾರ
ಇವತ್ತೂ ಪ್ರಾರ್ಥನೆಗೆ ಕೂತೆ. ಕಣ್ಣು ಮುಚ್ಚಿ, ಬಾಯಿ ಮುಚ್ಚಿ. ದೇವರ ದನಿ ಕೇಳಿಸಲಿಲ್ಲ. ಪಕ್ಕದ ಖೋಲಿಯ ಮಿಕ್ಸರ್ ಕೇಳಿಸಿತು. ಕಾಲು ಕುಣಿಯುತ್ತಲೇ ಇತ್ತು — ಹತ್ತನೇ ಕ್ಲಾಸಿನಲ್ಲೂ ಹೀಗೇ. ಅದಕ್ಕೇ ಶಾಲೆ ಬಿಟ್ಟೆ.

ಈಸ್ಟರ್‌ಗೆ ನನ್ನ ದೀಕ್ಷಾಸ್ನಾನ. ಮೊದಲು ಸಭೆಯ ಮುಂದೆ ಸಾಕ್ಷಿ ಹೇಳಬೇಕು — ದೇವರು ನನ್ನ ಜೊತೆ ಹೇಗೆ ಮಾತಾಡಿದರು ಅಂತ. ಅವ್ವನಿಗೆ ಇದು ದೊಡ್ಡದೇ ಅಲ್ಲ.

"ಕನಸಿನ್ಯಾಗ ಬೆಳಕು ಕಂಡೆ ಅನ್ನು. ಎಲ್ಲರೂ ಅದನ್ನೇ ಹೇಳ್ತಾರ."

ಕಂಡಿಲ್ಲ. ಹೇಳಲ್ಲ.

ಮಾರ್ಚ್ 12, ಬುಧವಾರ
ಎಂಐಡಿಸಿಯ ಕಾರ್ಖಾನೆಯಲ್ಲಿ ಮಸಾಲೆ ಪ್ಯಾಕಿಂಗ್ ಮುಗಿಸಿ ನೇರ ನಮ್ಮ ಸಭೆಯ ಹಿರಿಯಜ್ಜಿ ಮರಗಮ್ಮ ಆಯಿಯ ಮನೆಗೆ. ಬುಧವಾರದ ಪ್ರಾರ್ಥನೆ ಅಲ್ಲೇ. ಓದುವುದು ಯಾವಾಗಲೂ ಆಯಿ. ನನ್ನ ಬೈಬಲ್ ಮರೆತಿದ್ದೆ, ಅವರದರಲ್ಲಿ ಇಣುಕಿದೆ. ಕೀರ್ತನೆ ಓದುತ್ತಿದ್ದಾರೆ, ಬೆರಳು ಸಾಲು ಸಾಲಾಗಿ ಸರಿಯುತ್ತಿದೆ... ಬೆರಳ ಕೆಳಗೆ ನಕ್ಷೆ. ಕೊನೆಯ ಪುಟದ ನಕ್ಷೆ! ಸಮುದ್ರ, ದ್ವೀಪ. ಒಂದು ಮಾತೂ ತಪ್ಪಲಿಲ್ಲ. ಉಳಿದವರ ಕಣ್ಣು ಅವರವರ ಪುಟದ ಮೇಲೆ.

ಮಾರ್ಚ್ 13
ಕೇಳಿಯೇಬಿಟ್ಟೆ. "ಆಯಿ, ನಿನ್ನೆ ನಕ್ಷೆ ಮ್ಯಾಲ ಬೆರಳಿಟ್ಟು ಓದಿದ್ರಿ. ಕಣ್ಣು ಕಾಣಲ್ಲೇನು?"

"ಬೆಳಕಷ್ಟೇ ಕಾಣ್ತದ." ಕೈ ಹಿಡಿದುಕೊಂಡರು. "ಯಾರಿಗೂ ಹೇಳಬ್ಯಾಡವ್ವಾ. ಓದೂದು ಹೋದರ ಸಭೆದಾಗ ನಾ ಬರೇ ಒಬ್ಬ ಮುದುಕಿ."

"ನಾನಾಗಿ ಹೇಳಲ್ಲ. ಸುಳ್ಳೂ ಹೇಳಲ್ಲ."

"ಪೊಲೀಸರ ಮಗಳೇನ ನೀ!" ಅಂದು ನಕ್ಕರು.

ಏಪ್ರಿಲ್ 2
ಬರೆಯಲು ಪುರುಸೊತ್ತಿಲ್ಲ. ಕೆಲಸ ಮುಗಿಸಿ ದಿನಾ ಆಯಿಗೆ ಓದುತ್ತಿದ್ದೇನೆ — ಬಾಯಿಪಾಠ ಬರದ ಅಧ್ಯಾಯಗಳು. ಓಡಿಸಿದರೆ ಬೈಗುಳ: "ಲೋಕಲ್ ರೈಲು ಹಿಡೀಬೇಕೇನ? ಸಾವಕಾಶ ಓದು."

ಓದುವಾಗ ಕಾಲು ಕುಣಿಯುವುದಿಲ್ಲ. ಇವತ್ತೇ ಗೊತ್ತಾಯಿತು. ಪ್ಯಾಕಿಂಗ್‌ನಲ್ಲಿ ಪಕ್ಕ ಕೂರುವ ಜ್ಯೋತಿ ಊಟದ ಡಬ್ಬಿ ತಂದಿಲ್ಲದ್ದೂ ಕಣ್ಣಿಗೆ ಬಿತ್ತು. ಮೊದಲಾಗಿದ್ದರೆ ಬೀಳುತ್ತಿರಲಿಲ್ಲ. ಅರ್ಧ ರೊಟ್ಟಿ ಕೊಟ್ಟೆ.

ಆಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದೆ. ಪೊರೆಯಂತೆ. ಆಪರೇಶನ್ ಆದರೆ ಕಾಣುತ್ತದಂತೆ. ಈಸ್ಟರ್ ಆದಮೇಲೆ.

ಏಪ್ರಿಲ್ 19, ಶನಿವಾರ
ಪಾಸ್ಟರ್ ಜಯಶೀಲ ಕರೆಸಿದರು. "ಸಾಕ್ಷಿ ತಯಾರಾ, ಭಾಗ್ಯಾ?"

"ದೇವರ ದನಿ ಕೇಳಿಲ್ರಿ."

"ಏನೂ ಆಗೇ ಇಲ್ಲ?"

"ಆಗ್ಯಾದ್ರಿ. ಹೇಳೂಹಂಗಿಲ್ಲ."

"ಹಂಗಾದರ ಮುಂದಿನ ವರ್ಷ ನೋಡೋಣು."

ಅವ್ವ ಅತ್ತಳು. ಆಯಿಗೆ ಹೇಳಿದೆ. ಅವರು ಕೈಲಿದ್ದ ಬೈಬಲ್ ಮುಚ್ಚಿದರು.

ಏಪ್ರಿಲ್ 20, ಈಸ್ಟರ್, ಮಧ್ಯಾಹ್ನ
ಆರಾಧನೆಯಲ್ಲಿ ಓದಲು ಆಯಿ ಎದ್ದರು. ಬೈಬಲ್ ತೆರೆಯಲಿಲ್ಲ.

"ವರ್ಷ ಆಯ್ತು, ನನಗ ಅಕ್ಷರ ಕಾಣಲ್ಲ. ನಕ್ಷೆ ಮ್ಯಾಲ ಬೆರಳಿಟ್ಟು ಓದೀನಿ ನಿಮಗ." ಯಾರೋ ನಕ್ಕರು. ಆಯಿಯೂ ನಕ್ಕರು. "ಈ ಭಾಗ್ಯಾ ಒಬ್ಬಾಕಿ ನೋಡಿದಳು. ಇದು ನನ್ನ ಸಾಕ್ಷಿ ಆಯ್ತು. ಆಕಿದು ಆಕಿ ಹೇಳಲಿ."

ಎದ್ದೆ. "ದನಿ ಕೇಳಿಲ್ಲ. ಕಣ್ಣು ಮುಚ್ಚಿ ಕೂತಾಗೆಲ್ಲ ಏನೂ ಇಲ್ಲ. ತೆರೆದಾಗ ಆಯಿ ಕಂಡ್ರು. ಇಷ್ಟೇರಿ."

ಪಾಸ್ಟರ್ ದೀಕ್ಷಾಸ್ನಾನದ ಪಟ್ಟಿಗೆ ನನ್ನ ಹೆಸರು ಸೇರಿಸಿದರು. ಆಮೇಲೆ — "ಸಂಜಿಗೆ ಬಿಳಿ ಬಟ್ಟಿ ತಗೊಂಡು ಬಾ."

ಬಿಳಿ ಬಟ್ಟೆ ನಮ್ಮಲ್ಲಿಲ್ಲ. ಅವ್ವ ಕಡ ಕೇಳುತ್ತ ಚಾಳಿನ ಮನೆಗಳನ್ನೆಲ್ಲ ಸುತ್ತುತ್ತಿದ್ದಾಳೆ. ಕೆಳಗೆ ಕೋಲಿನ ಸದ್ದು... ಆಯಿ, ಒಬ್ಬರೇ. ಮೂರನೇ ಮೆಟ್ಟಿಲು ಒಡೆದಿದೆ, ಅವರಿಗೆ ಅದು ಕಾಣಲ್ಲ, ಓಡಬೇಕು—