ಕೋಟಿಗೆ ಪಿನ್ ಮಾಡಿದ ಕವರು

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣನಿಗೆ,

ನನ್ನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಒತ್ತಕ್ಷರ ಬಿಟ್ಟುಹೋದಲ್ಲಿ ನೀನೇ ಸೇರಿಸಿಕೊಂಡು ಓದು. ಎರಡು ತಿಂಗಳಿಂದ ಬರೆದಿಲ್ಲ. ಕೆಲಸ ಜಾಸ್ತಿ ಅನ್ನಬಹುದಿತ್ತು. ನಿಜವೆಂದರೆ ಧೈರ್ಯ ಬರಲಿಲ್ಲ. ರಜೆಗೆ ಬಂದಾಗ ನೀನು ಸಪ್ಪಗಿದ್ದದ್ದು ನನ್ನ ತಲೆಯಿಂದ ಹೋಗಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿಗೆ ನೀನು ಹೇಳಿದ ವ್ಯಾಯಾಮ ಮಾಡು ಅಂದರೆ, "ನಮ್ಮ ಡಾಕ್ಟರು ಎದುರಿಗೆ ಬಂದು ಹೇಳಲಿ, ಆಗ ಮಾಡ್ತೀನಿ" ಅಂತಾಳೆ.

ಲಾಂಡ್ರಿಯಲ್ಲಿ ಈಗ ನನಗೆ ಕೋಟುಗಳ ಕೆಲಸ. ಇಲ್ಲಿನ ಮೆಡಿಕಲ್ ಕಾಲೇಜಿನವರ ಬಿಳಿ ಕೋಟು ಸೋಮವಾರ ಮೂಟೆಗಟ್ಟಲೆ ಬರುತ್ತವೆ. ನಿನ್ನ ಹಾಗೆ ಓದುವವರದ್ದಲ್ಲವಾ ಅಂತ ಮೊದಲ ದಿನ ಕೈ ತೊಳೆದುಕೊಂಡು ಮುಟ್ಟಿದೆ. ನಮ್ಮ ಮೇಸ್ತ್ರಿ, ನಾವೆಲ್ಲ ದೊಡ್ಡಮ್ಮ ಅನ್ನುವವರು, "ಅದು ಒಗೆಯೋ ಬಟ್ಟೆ ಕಣೇ, ಪೂಜೆ ಮಾಡೋಕೆ ತಂದಿಲ್ಲ" ಅಂತ ನಕ್ಕರು.

ದೊಡ್ಡಮ್ಮನದು ಒಂದೇ ನಿಯಮ. ಜೇಬಲ್ಲಿ ಸಿಕ್ಕಿದ್ದನ್ನು ಬಿಸಾಡಬಾರದು, ಏನು ಎತ್ತ ಅಂತ ಕೇಳಬಾರದು. ಕಾಗದದ ಕವರಿಗೆ ಹಾಕಿಟ್ಟು, ಇಸ್ತ್ರಿಯಾದ ಮೇಲೆ ಅದೇ ಕೋಟಿಗೆ ಪಿನ್ ಮಾಡಬೇಕು. ಪೆನ್ನು, ಎಲುಬಿನ ಚಿತ್ರ ಬರೆದ ಚೀಟಿ, ಅರ್ಧ ತಿಂದ ಬಿಸ್ಕತ್ತು ಸಿಗುತ್ತಿದ್ದವು. ಎಪ್ಪತ್ತೆರಡನೇ ನಂಬರಿನ ಕೋಟು ಒಬ್ಬ ಹುಡುಗಿಯದು, ಅದರಲ್ಲಿ ಮಾತ್ರ ಮಾತ್ರೆ. ಟೈಲರ ಜೇಬಲ್ಲಿ ಸೂಜಿ ಇದ್ದ ಹಾಗೆ ಡಾಕ್ಟರ ಜೇಬಲ್ಲಿ ಮಾತ್ರೆ ಅಂದುಕೊಂಡೆ. ಮೊದಲು ಒಂದು ಶೀಟು, ಆಮೇಲೆ ಮೂರು, ಆಮೇಲೆ ಐದು, ಎಲ್ಲ ಅರ್ಧ ಖಾಲಿ. ಕೈಯಾರೆ ರೋಗಿಗಳಿಗೆ ಕೊಡುತ್ತಾಳೆ, ಎಂಥಾ ಮನಸ್ಸಪ್ಪಾ ಅಂತ ಆ ಕೋಟಿಗೆ ಎರಡು ಸಲ ಇಸ್ತ್ರಿ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಆ ಹುಡುಗಿ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದುಬಿದ್ದಳಂತೆ. ಒಂದೂವರೆ ತಿಂಗಳಾದ ಮೇಲೆ ಅವಳೇ ಲಾಂಡ್ರಿಗೆ ಬಂದಳು.

"ಪಿನ್ ಮಾಡ್ತಿದ್ದವಳು ನೀನೇನಾ?"

ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟೆ. "ಹೌದಕ್ಕಾ. ತಪ್ಪಾಯ್ತು."

"ತಪ್ಪು ನಿಂದಲ್ಲ. ಎಚ್ಚರವಾಗಿರೋಕೆ ಒಂದು ಮಾತ್ರೆ, ನಿದ್ದೆ ಬರೋಕೆ ಇನ್ನೊಂದು, ಅಳು ನಿಲ್ಲೋಕೆ ಮತ್ತೊಂದು. ಇಡೀ ಕಾಲೇಜಲ್ಲಿ ನನ್ನ ಲೆಕ್ಕ ಗೊತ್ತಿದ್ದವಳು ನೀನೊಬ್ಬಳೇ. ಕವರ್ ನೋಡಿದಾಗೆಲ್ಲ, ಇವತ್ತಾದರೂ ಯಾರಾದರೂ ಕೇಳ್ತಾರೇನೋ ಅಂತ ಕಾಯ್ತಿದ್ದೆ." ಈಗ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಿದ್ದಾಳಂತೆ. "ಇನ್ನೊಮ್ಮೆ ಸಿಕ್ಕರೆ ಪಿನ್ ಮಾಡಬೇಡ. ನನ್ನ ಮುಂದೆ ಬಂದು ಕೇಳು, ಆಯ್ತಾ?"

ಮೈಯ ಎಲುಬಿಗೆಲ್ಲ ಹೆಸರು ಹೇಳಬಲ್ಲವಳು ನನ್ನಂಥವಳನ್ನು ಬೇಡಿಕೊಂಡಳಲ್ಲ ಅಣ್ಣಾ! ಅದಕ್ಕಿಂತ ದೊಡ್ಡದು ಆಮೇಲೆ ನೋಡಿದೆ. ಮೊನ್ನೆ ಕೋಟು ಕೊಡಲು ಕಾಲೇಜಿಗೆ ಹೋದಾಗ ಅವಳು ತರಗತಿಯ ಮುಂದೆ ನಿಂತು ಎಲ್ಲವನ್ನೂ ಹೇಳುತ್ತಿದ್ದಳು, ತಲೆ ತಗ್ಗಿಸದೆ. ಕೊನೆಗೆ, "ನನ್ನ ಹಾಗೆ ಇನ್ನೂ ಯಾರಾದರೂ ಇದ್ದೀರಾ?" ಅಂದಳು. ಆಮೇಲೆ ಹಿಂದಿನ ಬೆಂಚಿಂದ ಒಂದು ಕೈ ಎದ್ದಿತು. ಇನ್ನೊಂದು. ಮತ್ತೊಂದು. ನಾನು ಇಸ್ತ್ರಿ ಹಾಕಿದ್ದ ಬಿಳಿ ತೋಳುಗಳು ಒಂದೊಂದಾಗಿ ಏಳುತ್ತಿದ್ದವು. ನಾನು ಬಾಗಿಲಲ್ಲೇ ಕೋಟುಗಳನ್ನು ತಬ್ಬಿಕೊಂಡು ನಿಂತುಬಿಟ್ಟೆ.

ಅಮ್ಮ ನಿನಗೆ ನೂರು ವರ್ಷ ಬಾಳು ಅಂತ ಹರಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ

ಇನ್ನೊಂದು ಮಾತು. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ರಜೆಗೆ ಬಂದಾಗ ನಿನ್ನ ಕೋಟನ್ನೂ ನಾನೇ ಒಗೆದೆ. ಜೇಬಲ್ಲಿ ಅವೇ ಮಾತ್ರೆ, ಆರು ಶೀಟು. ಕೆಲಸದ ಅಭ್ಯಾಸ ನೋಡು, ಕವರಿಗೆ ಹಾಕಿ ಪಿನ್ ಮಾಡಿದೆ. ನೀನು ಕವರು ನೋಡಿದೆ, ಆಮೇಲೆ ನನ್ನ ಮುಖ ನೋಡಿದೆ. ನಾನು ಕೇಳಲಿಲ್ಲ. ನೀನು ಕಾಯುತ್ತಿದ್ದೆಯಾ ಅಣ್ಣಾ? ಈಗ ಕೇಳುತ್ತಿದ್ದೇನೆ. ಅಮ್ಮನಿಗೆ ಹೇಳಿಲ್ಲ.

ಇವತ್ತು ಬೆಳಿಗ್ಗೆ ದೊಡ್ಡಮ್ಮನ ಮನೆಗೆ ಹೋಗಿ, ಗುರುವಾರ ರಜೆ ಬೇಕು, ಅಣ್ಣನನ್ನು ನೋಡಬೇಕು ಅಂದೆ. "ಅಬ್ಬಾ, ನಿನಗೂ ಬಾಯಿ ಇದೆಯೇನೇ!" ಅಂದರು. ಕೊಟ್ಟರು.