ಫೋನಿನಲ್ಲಿ ಕೇಳಿದ ಪಾ-ಸಾ

ಮನೆಯಿಂದ,
ಹದಿನಾಲ್ಕನೇ ತಾರೀಖು, ಸಂಜೆ

ಮನೆಯ ಯಜಮಾನರಿಗೆ,

ಆರೋಗ್ಯವಾಗಿದ್ದೀರಿ ತಾನೇ? ದೂರದ ಊರಿನ ನೀರು ಒಗ್ಗುತ್ತಿಲ್ಲ, ಕೆಮ್ಮು ಬಿಟ್ಟಿಲ್ಲ ಎಂದು ಮೊನ್ನೆ ಫೋನಿನಲ್ಲಿ ಹೇಳಿದಿರಿ. ಬಿಸಿನೀರು ಕುಡಿಯಿರಿ. ನಿಮ್ಮ ಅಮ್ಮ ಹಾಸಿಗೆ ಬಿಟ್ಟು ಎದ್ದಿಲ್ಲ. ಬೆನ್ನಿನ ಹುಣ್ಣು ಒಣಗುತ್ತಿದೆ, ಆದರೆ ಅವರನ್ನು ಹೊರಳಿಸಲು ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ. ಸಂಜೆ ನಿಮ್ಮ ಫೋನ್ ಬಂದರೆ ಸ್ಪೀಕರ್ ಹಾಕಿ ಅವರ ದಿಂಬಿನ ಪಕ್ಕ ಇಡುತ್ತೇನೆ. "ಮಗ ಯಾವಾಗ ಬರ್ತಾನಂತೆ?" ಎಂದು ಬೆಳಗಾದರೆ ಕೇಳುತ್ತಾರೆ. ನಾಟಕಶಾಲೆಯ ಪಿಯಾನೊಗಳ ಶ್ರುತಿ ಸರಿಮಾಡಿ ಮುಗಿಸಿದ ಕೂಡಲೇ ಎಂದು ನೀವು ಹೇಳಿದ್ದನ್ನೇ ನಾನೂ ಹೇಳುತ್ತಾ ಬಂದೆ.

ಮದುವೆಯಾದ ಹೊಸತರಲ್ಲಿ ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಪಿಯಾನೊದ ಎರಡು ಕೀ ಒತ್ತುತ್ತಿದ್ದಿರಿ, ನೆನಪಿದೆಯೇ? ನೀವು ಸಾ-ಮಾ ನುಡಿಸಿದರೆ ನಾನು ಸಾ-ಪಾ ಎನ್ನುತ್ತಿದ್ದೆ. "ನಿಂದು ತಗಡಿನ ಕಿವಿ ಕಣೇ, ಬಿಟ್ಬಿಡು" ಎಂದು ನಕ್ಕಿರಿ. ನಾನು ಬಿಡಲಿಲ್ಲ. ನೀವು ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಕೂತು ಒತ್ತಿದೆ, ಹಾಡಿದೆ, ತಪ್ಪಿದೆ, ಮತ್ತೆ ಒತ್ತಿದೆ. ಈಗ ಪಾತ್ರೆ ಬಿದ್ದರೂ, ಲಿಫ್ಟ್ ಕೂಗಿದರೂ, ಯಾವ ಸ್ವರದಿಂದ ಯಾವ ಸ್ವರಕ್ಕೆ ಹಾರಿತು ಎಂದು ಕಿವಿ ತಾನಾಗಿ ಅಳೆಯುತ್ತದೆ. ನಿಮ್ಮೆದುರು ಜಂಬ ಕೊಚ್ಚಲಿಲ್ಲ, ಅಷ್ಟೇ.

ಮೊನ್ನೆ ನೀವು ಕೆಮ್ಮುತ್ತಿದ್ದಾಗ ನಿಮ್ಮ ಹಿಂದೆ ಕರೆಗಂಟೆ ಹೊಡೆದುಕೊಂಡಿತು. ಪಾ-ಸಾ. ಆ ಸಾ ಮಾತ್ರ ಕೂದಲೆಳೆಯಷ್ಟು ಕೆಳಗೆ. ಅಂಥ ಗಂಟೆ ಇನ್ನೆಲ್ಲಿದೆ? ನಿಮ್ಮ ತಂಗಿ ಹೊಸ ಮನೆಗೆ ಹೋದಾಗ ನೀವೇ ಲೋಹದ ಪಟ್ಟಿ ಕತ್ತರಿಸಿ ಮಾಡಿಕೊಟ್ಟದ್ದು, ಅರದಿಂದ ಅತಿಯಾಗಿ ಉಜ್ಜಿ ಕೆಡಿಸಿಕೊಂಡದ್ದು. ನಿನ್ನೆ ಹೋಗಿ ಅವಳ ಮನೆಯ ಎದುರು ನಿಂತೆ. ಮಹಡಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದಿರಿ. ನಮ್ಮ ಮನೆಯಿಂದ ಎರಡು ಬೀದಿ ಆಚೆ.

ಇನ್ನೊಬ್ಬಳ ಜೊತೆ ಓಡಿಹೋಗಿದ್ದರೂ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಹೆತ್ತ ತಾಯಿಯ ಮೈ ತೊಳೆಯಲು ಹೇಸಿ ತಂಗಿಯ ಮನೆಯಲ್ಲಿ ಅಡಗಿ ಕೂತಿರಲ್ಲ, ನಾಚಿಕೆಯಾಗಲಿಲ್ಲವೇ? ಆ ನಿಮ್ಮ ತಂಗಿ ಮಹಾತಾಯಿಯೋ ವಾರ ವಾರ ಬಂದು, "ಪಾಪ ಅತ್ತಿಗೆ, ಅಣ್ಣ ಇದ್ದಿದ್ರೆ ನಿಮ್ಗೆಷ್ಟು ಆಸರೆ" ಎಂದು ನನ್ನ ಬೆನ್ನು ಸವರಿ ಹೋಗುತ್ತಾಳೆ. ಇಬ್ಬರೂ ಸೇರಿ ಚೆನ್ನಾಗಿ ಕಿವಿಗೆ ಹೂವಿಟ್ಟಿರಿ.

ತಂಗಿಗೆ ನನ್ನ ನಮಸ್ಕಾರ ತಿಳಿಸಿ, ಪಕ್ಕದಲ್ಲೇ ಇದ್ದಾಳಲ್ಲ.

ಇಂತಿ,
ನಿಮ್ಮ ಹೆಂಡತಿ

ತಾ.ಕ.: ಪತ್ರ ಮಡಚಿ, ಅತ್ತೆಗೆ ಹೇಳುವುದೋ ಬೇಡವೋ ಎಂದು ಅವರ ಪಕ್ಕ ಕೂತು ಒದ್ದಾಡುತ್ತಿದ್ದೆ. ಅವರೇ ನನ್ನ ಕೈ ಹಿಡಿದು, "ಮಗಳ ಮನೆ ಗಂಟೆ ಫೋನಲ್ಲಿ ನಂಗೆ ಯಾವಾಗ್ಲೋ ಕೇಳಿಸಿದೆ. ಅವ್ನಿಗೆ ಹೇಳ್ಬೇಡ ಕಣಮ್ಮ, ಫೋನ್ ಮಾಡೋದನ್ನೂ ನಿಲ್ಲಿಸಿಬಿಡ್ತಾನೆ" ಎಂದರು. ನಾನು ಈ ಪತ್ರದಲ್ಲಿ ನಿಮಗೆ ಆಗಲೇ ಹೇಳಿಬಿಟ್ಟಿದ್ದೇನೆ. ನೀವು ಬರದಿದ್ದರೆ ಹಾಳಾಗಿಹೋಗಲಿ, ನಾಳೆ ಸಂಜೆ ಫೋನ್ ಮಾತ್ರ ತಪ್ಪಿಸಬೇಡಿ.