ಕೋಣೆಗಿಂತ ತಣ್ಣಗಿನ ಚಿಪ್

ಮಾರ್ಚ್ 2, ಬೆಳಿಗ್ಗೆ

ಹೊಸ ಪ್ರೊಸೆಸರ್ ಕೂರಿಸಿದ್ದಾಯಿತು. ಪೇಸ್ಟ್ ಹಚ್ಚಿ, ಕೂಲರ್ ಬಿಗಿದು, ಮಿಷನ್ ಆನ್. ಅದೇ ಹೆಸರು, ಅದೇ ಡಬ್ಬಿ. ರಿವಿಷನ್ ಮಾತ್ರ ಹೊಸದು — ಮೂಲೆಯಲ್ಲಿ ಒಂದಕ್ಷರ ಬೇರೆ. ಓವರ್‌ಕ್ಲಾಕ್ ಮಾಡುತ್ತಾ, ಅಂದರೆ ಕಂಪನಿ ಗೊತ್ತುಮಾಡಿದ ವೇಗ ಮೀರಿಸಿ ಓಡಿಸುತ್ತಾ ಹೋದೆ. ಹಳೆಯದು ಏದುಸಿರು ಬಿಡುತ್ತಿದ್ದ ವೇಗದಲ್ಲಿ ಇದು ಆಡಿಕೊಂಡು ಓಡುತ್ತಿದೆ. ಪೂರ್ತಿ ಲೋಡ್ ಹಾಕಿ ದುಡಿಸಿದರೂ ಪರದೆಯಲ್ಲಿ ನಲವತ್ತೆಂಟು ಡಿಗ್ರಿ.

ಅಣ್ಣ ಅಂಗಡಿಯ ಕೌಂಟರ್ ಬಿಟ್ಟು ಓಡಿ ಬಂದ. “ಇದು ಚಿಪ್ಪಲ್ಲ ಕಣೇ, ಮಡಕೆ ನೀರು!”

ನಾನೂ ಹಿಗ್ಗಿದೆ. ಸುಳ್ಳೇಕೆ?

ಮಾರ್ಚ್ 3

ಬಂದವಳೇ ಆನ್ ಮಾಡಿದೆ. ಪರದೆ: ಹತ್ತೊಂಬತ್ತು. ಗೋಡೆಯ ಥರ್ಮಾಮೀಟರ್: ಇಪ್ಪತ್ತೆಂಟು.

ಕೋಣೆಗಿಂತ ತಣ್ಣಗೆ? ಐಸಿಲ್ಲ, ನೀರಿಲ್ಲ, ಬರೀ ಫ್ಯಾನು. ಕೋಣೆಯ ಗಾಳಿಯನ್ನೇ ಊದುವ ಫ್ಯಾನು ಕೋಣೆಗಿಂತ ತಣ್ಣಗೆ ಮಾಡುವುದುಂಟೆ? ಅಜ್ಜಿಯ ಕಥೆಯಲ್ಲಾದರೆ ಹೂಂಗುಟ್ಟಿ ಮಲಗುತ್ತಿದ್ದೆ...

ಮತ್ತೆ ಲೋಡ್ ಹಾಕಿದೆ. ನಲವತ್ತೆಂಟು. ಜ್ವರ ನೋಡಲು ಅಜ್ಜಿ ಮಾಡುತ್ತಿದ್ದ ಹಾಗೆ ಬೆರಳಿನ ಹಿಂಬದಿಯನ್ನು ಕೂಲರ್‌ನ ತಾಮ್ರದ ಬುಡಕ್ಕೆ ಇಟ್ಟೆ. ಚುರ್ ಎಂದಿತು. ಕೈ ತಾನಾಗಿ ಹಿಂದೆ ಬಂತು. ನಲವತ್ತೆಂಟು ಹೀಗೆ ಸುಡುವುದಿಲ್ಲ.

ಮಾರ್ಚ್ 4, ಮಧ್ಯಾಹ್ನ

ರೆಕಾರ್ಡಿಂಗ್ ಮಾಸ್ತರು ಬಂದಿದ್ದರು, ಹೆಂಡತಿಯ ಜೊತೆ. ಹಿಂದಿನ ಬೀದಿಯಲ್ಲಿ ಇವರ ಸ್ಟುಡಿಯೋ. ಹಳೇ ಮಿಷನ್ನಿನ ಫ್ಯಾನ್ ಸದ್ದು ಮೈಕಿಗೆ ಬೀಳುತ್ತದಂತೆ. ಸದ್ದೇ ಮಾಡದ ಮಿಷನ್ ಬೇಕು, ಬೇಗ ಬೇಕು. ಹನ್ನೆರಡನೇ ತಾರೀಖು ಅಮ್ಮನವರ, ಅಂದರೆ ಅವರ ಹೆಂಡತಿಯ, ಗಂಟಲಿನ ಆಪರೇಷನ್. ಆಮೇಲೆ ದನಿ ಇರುವುದಿಲ್ಲ.

“ಊರೋರ ದನಿಯೆಲ್ಲ ರೆಕಾರ್ಡ್ ಮಾಡ್ದೆ,” ಎಂದರು ಮಾಸ್ತರು. “ಮನೇಲಿರೋದು ಉಳ್ಕೊಂಡ್ಬಿಡ್ತು.”

ಮಗಳಿಗೆ ತಿಂಗಳು ತುಂಬುತ್ತಿದೆ. ಹುಟ್ಟುವ ಮಗುವಿಗೆ ಅಜ್ಜಿಯ ಬಾಯಲ್ಲಿ ಕಥೆ ಇರಲಿ ಎಂದು. ಹೆಚ್ಚು ಮಾತಾಡಕೂಡದು ಎಂದಿದ್ದಾರೆ ಡಾಕ್ಟರು. ಹಾಗಾಗಿ ಒಂದೇ ದಿನ — ಹನ್ನೊಂದನೇ ತಾರೀಖು.

“ಕಥೆ ಆದ್ಮೇಲೆ ನಾಲ್ಕು ಬೈಗುಳನೂ ಹಾಕ್ತೀನಿ ಕಣಮ್ಮ,” ಅಮ್ಮನವರು ನನ್ನ ಕಡೆ ತಿರುಗಿದರು. ಒಡಕು ದನಿ, ಆದರೂ ಸಿಹಿ. “ಇಲ್ದಿದ್ರೆ ಇವ್ರಿಗೆ ಬೈಯೋರ್ಯಾರು?”

ಮಾರ್ಚ್ 5

ಗುಟ್ಟು ಸಿಕ್ಕಿತು. ಚಿಪ್ಪಿನೊಳಗಿನ ಸೆನ್ಸರ್ ಬಿಸಿ ಎಷ್ಟೆಂದು ಹೇಳುವುದೇ ಇಲ್ಲ. ಮಿತಿ ಮುಟ್ಟಲು ಇನ್ನೆಷ್ಟು ಬಾಕಿ ಎಂದಷ್ಟೇ ಹೇಳುತ್ತದೆ. ಮಿತಿ ದಾಟಿದರೆ ಮಿಷನ್ ದೀಪದ ಹಾಗೆ ತಾನಾಗಿ ಆರಿಹೋಗುತ್ತದೆ. ಮಿತಿ ಎಷ್ಟೆಂಬುದು ಪರದೆಯಲ್ಲಿ ಅಂಕಿ ತೋರಿಸುವ ಪ್ರೋಗ್ರಾಮಿನ ಊಹೆ. ಈ ಪ್ರೋಗ್ರಾಂ ಹಳೇ ರಿವಿಷನ್ನಿನ ಮಿತಿ ಹಿಡಿದು ಹೊಸದಕ್ಕೆ ಲೆಕ್ಕ ಹಾಕುತ್ತಿದೆ. ನನ್ನ ಅಂದಾಜು — ಹದಿನಾರು ಡಿಗ್ರಿಯಾದರೂ ಕಡಿಮೆ ತೋರಿಸುತ್ತಿದೆ.

ಅಣ್ಣನಿಗೆ ಹೇಳಿದೆ. ಅವನಾಗಲೇ ಮಾಸ್ತರ ಮಿಷನ್ನಿಗೆ ಇದೇ ಚಿಪ್ ಹಾಕಿ, ಸದ್ದಾಗದಂತೆ ಫ್ಯಾನ್ ವೇಗ ಕಟ್ಟಿಹಾಕಿದ್ದ. ಎಂಬತ್ತು ತೋರಿಸುವವರೆಗೆ ಏಳಕೂಡದು.

“ಎಂಬತ್ತು ತೋರ್ಸೋ ಹೊತ್ಗೆ ನಿಜ್ವಾಗಿ ತೊಂಬತ್ತಾರು ಆಗಿರತ್ತೆ ಅಣ್ಣ.”

“ಕಂಪನಿಯೋರು ದಡ್ರು, ನೀನೊಬ್ಳೇ ಜಾಣೆ?”

“ಮುಟ್ಟಿ ನೋಡು.”

“ಮುಟ್ಟಿ ನೋಡೋಕೆ ಇದೇನು ಅನ್ನದ ಅಗುಳಾ? ಸ್ಕ್ರೀನ್ ಇರೋದ್ಯಾಕೆ?”

“ವೇಗನಾದ್ರೂ ಇಳಿಸೋಣ. ಕಥೆ ರೆಕಾರ್ಡ್ ಮಾಡೋಕೆ ಅಷ್ಟೊಂದು ಯಾಕೆ?”

“ಒಬ್ಬ ಸ್ಟುಡಿಯೋದೋರು ಒಪ್ಪಿದ್ರೆ ಇಡೀ ಬೀದಿ ಬರತ್ತೆ. ಜೋರಾಗೂ ಓಡ್ಬೇಕು, ಉಸಿರೂ ಎತ್ಬಾರ್ದು. ಸುಮ್ನಿರು ತಾಯಿ.”

ಪರೀಕ್ಷೆ ಮುಗಿಸಿದೆ — ಡಬ್ಬಿ ತೆರೆದು, ಬೆಂಚಿನ ಮೇಲೆ, ತಲೆಯ ಮೇಲೆ ಸೀಲಿಂಗ್ ಫ್ಯಾನು ಗಿರ್ರೆನ್ನುವಾಗ. ಮಿಷನ್ ಆರಲಿಲ್ಲ. ಆರದಿದ್ದುದೇ ಮತ್ತೆ ವಾದಿಸದಿರಲು ನನಗೊಂದು ನೆಪವಾಯಿತು.

ಮಾರ್ಚ್ 6

ಒಯ್ದು ಜೋಡಿಸಿ ಬಂದೆವು. ಗೋಡೆಗೆಲ್ಲ ಸ್ಪಂಜು, ಕಿಟಕಿಗೆ ದಪ್ಪ ಪರದೆ. ಬಾಗಿಲು ಹಾಕಿದರೆ ಪೆಟ್ಟಿಗೆಯೊಳಗೆ ಕೂತ ಹಾಗೆ. ಮಾಸ್ತರು ಕಿವಿಯನ್ನು ಡಬ್ಬಿಗೆ ತಾಗಿಸಿ, “ಸತ್ತಿದ್ಯೋ ಬದುಕಿದ್ಯೋ ಗೊತ್ತೇ ಆಗಲ್ವಲ್ಲ!” ಎಂದರು. ಅಣ್ಣ ಉಬ್ಬಿಹೋದ.

ಅಮ್ಮನವರು ಪರದೆಯ ಅಂಕಿ ನೋಡಲಿಲ್ಲ. ನನ್ನನ್ನೇ ನೋಡಿದರು.

“ಮುಟ್ಟಿ ನೋಡಿದ್ಯಾ?”

ನನ್ನ ಅಜ್ಜಿಯೂ ಹೀಗೇ ಕೇಳುತ್ತಿದ್ದಳು, ಸ್ನಾನದ ನೀರು ತೋಡಿ ಕೊಟ್ಟಾಗ. ಅಣ್ಣ ಕೆಮ್ಮಿದ.

“ಹೂಂ ಅಮ್ಮ,” ಎಂದೆ. “ತಣ್ಣಗಿದೆ.”

ಮಾರ್ಚ್ 11, ಸಂಜೆ

ಫೋನ್ ಬರಲಿಲ್ಲ. ಬರಲಿಲ್ಲ ಅಂದರೆ ಒಳ್ಳೆಯದೇ ಇರಬೇಕು.

ಮಾರ್ಚ್ 14

ಒಳ್ಳೆಯದಲ್ಲ.

ಮಾಸ್ತರು ಒಬ್ಬರೇ ಬಂದಿದ್ದರು. ಮೊದಲ ಕಥೆ ಅರ್ಧವಾಗುವಷ್ಟರಲ್ಲಿ ಮಿಷನ್ ಆರಿತಂತೆ. ಮತ್ತೆ ಹಚ್ಚಿದರು, ಅಮ್ಮನವರು ಮತ್ತೆ ಮೊದಲಿನಿಂದ. ಮತ್ತೆ ಆರಿತು. ಮೂರನೇ ಸಲಕ್ಕೆ ಮಿಷನ್ ಎದ್ದಿತು, ಗಂಟಲು ಏಳಲಿಲ್ಲ. ಮರುದಿನ ಆಪರೇಷನ್ ಆಯಿತು.

ಅವರು ತಂದ ಫೈಲ್ ಇದೆ. ತೆರೆದರೆ ಕರ್ರ್ ಎನ್ನುವ ಸದ್ದು. ಮಧ್ಯಾಹ್ನವೆಲ್ಲ ಕೂತು ಕೆದಕಿದೆ. ಶುರುವಿನ ಒಂದು ಚೂರು ಮಾತ್ರ ಉಳಿದಿದೆ. ಒಂದು ಕೆಮ್ಮು. ಆಮೇಲೆ — “ಶುರು ಮಾಡ್ಲೇನ್ರೀ?”

ಅಷ್ಟೇ.

“ಫೋನಲ್ಲಾದ್ರೂ ಹಿಡ್ಕೋಬೇಕಿತ್ತು ಸಾರ್,” ಎಂದ ಅಣ್ಣ. “ನಿಮ್ ರೂಮಲ್ಲಿ ಗಾಳೀನೇ ಆಡಲ್ಲ.”

“ಒಳ್ಳೇ ಮಿಷನ್ ಇದ್ಯಲ್ಲ ಅಂದ್ಕೊಂಡೆ,” ಎಂದರು ಮಾಸ್ತರು. ಬೈಯಲಿಲ್ಲ. ಬೈಯುವುದು ಅವರಿಗೆ ಬರುವುದಿಲ್ಲ. ಆ ಮನೆಯಲ್ಲಿ ಬೈಯುತ್ತಿದ್ದವರು ಬೇರೆ.

ಏಪ್ರಿಲ್ 3

ಪ್ರೋಗ್ರಾಮಿನ ಹೊಸ ಆವೃತ್ತಿ ಬಂದಿದೆ. ‘ಹೊಸ ರಿವಿಷನ್ನಿನ ತಾಪಮಾನ ಸರಿಪಡಿಸಲಾಗಿದೆ.’ ಒಂದೇ ಸಾಲು. ಹಾಕಿದೆ. ಅಂಗಡಿಯ ಹೊಸ ಚಿಪ್ಪಿನ ಮಿಷನ್ನುಗಳಿಗೆಲ್ಲ ಒಂದೇ ಏಟಿಗೆ ಹದಿನಾರು ಡಿಗ್ರಿ ಜ್ವರ ಏರಿತು. ನನ್ನ ಅಂದಾಜಿಗೆ ಒಂದು ಡಿಗ್ರಿಯೂ ಹೆಚ್ಚುಕಮ್ಮಿ ಇಲ್ಲ. ಈ ಜಾಣತನವನ್ನು ಎಲ್ಲಿಗೆ ಒಯ್ದು ಹಾಕಲಿ?

ಅಣ್ಣ ನೋಡಿ, “ನೀ ಅವತ್ತೇ ಗಟ್ಟಿಯಾಗಿ ಹೇಳ್ಬಾರ್ದಿತ್ತಾ?” ಎಂದ.

ಏಪ್ರಿಲ್ 9

ಮಿಷನ್ ವಾಪಸ್ ಬಂತು. ಮಾಸ್ತರ ಹಿಂದೆ ಅಮ್ಮನವರೂ. ಕುತ್ತಿಗೆಗೆ ಬಿಳಿ ಪಟ್ಟಿ. ನನ್ನ ನೋಡಿ ನಕ್ಕರು — ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

“ಈಗ ಎಲ್ಲ ಸರಿಯಾಗ್ ತೋರ್ಸತ್ತೆ ಸಾರ್,” ಎನ್ನುತ್ತಿದ್ದ ಅಣ್ಣ.

ಬೆಂಚಿನ ಮೇಲೆ ಬೇರೆ ಮಿಷನ್ ಲೋಡಿನಲ್ಲಿತ್ತು. ಅಮ್ಮನವರು ಸೀದಾ ಅಲ್ಲಿಗೆ ಬಂದರು. ಬೆರಳಿನ ಹಿಂಬದಿಯನ್ನು ತಾಮ್ರಕ್ಕೆ ಇಟ್ಟರು. ಥಟ್ಟನೆ ತೆಗೆದರು. ನನ್ನ ಕಡೆ ತಿರುಗಿದರು. ತುಟಿ ಅಲ್ಲಾಡಿತು.

“ಏನಂತಾರೆ?” ಅಣ್ಣ ಕೇಳಿದ.

ಅದೇ ಎರಡು ಮಾತು. ಮುಟ್ಟಿ ನೋಡಿದ್ಯಾ.

ಅವರಿಗಿಲ್ಲದ ದನಿ ನನಗಿತ್ತು. ಬಾಯಿ ತೆರೆದೆ. “ಹೂಂ ಅಮ್ಮ, ಮುಟ್ಟಿದ್ದೆ, ಸುಟ್ಟಿತ್ತು.” ಇಷ್ಟು ಹೇಳಲು ನನಗೆ ಒಂದು ತಿಂಗಳು ಬೇಕಾಯಿತು.